ನರತಂತುವಿನ ಹಾದಿಯನ್ನು ಕಂಡ ರಾಮೋನ್ ಕಹಾಲರು

ಕಾವಿಗೆ ಇಟ್ಟ ಕೋಳಿಮೊಟ್ಟೆಯೊಳಗೆ ಮೂರನೆಯ ಹಾಗೂ ನಾಲ್ಕನೆಯ ದಿನಗಳಲ್ಲಿ ನಡೆಯುವ ಕಾರ್ಯವನ್ನು ಕಂಡು, ಪ್ರಾಣಿಗಳ ಬೆನ್ನುಹುರಿಯಲ್ಲಿ ನರಗಳು ಹೇಗೆ ಹುಟ್ಟಿ ಹೇಗೆ ತಮ್ಮ ಸ್ಥಾನವನ್ನು ಸೇರುತ್ತವೆ ಎಂಬುದನ್ನು ಜಗತ್ತಿಗೆ ತಿಳಿಸಿದವರು ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಹಾಲ್ ಎಂಬ ವೈದ್ಯರು. ಇವರು ತೀರಿಕೊಂಡು ತೊಂಬತ್ತು ವರ್ಷಗಳು ಮೀರಿದವು. ನರವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಿಗೆ ಇವರ ಹೆಸರು ಇಂದಿಗೂ ಮೊದಲ ಪಾಠದಲ್ಲಿಯೇ ಎದುರಾಗುತ್ತದೆ. ಆದರೆ ಸಾಮಾನ್ಯ ವಾಚಕರಿಗೆ ಇವರ ಪರಿಚಯವು ಅಷ್ಟಾಗಿ ಇಲ್ಲ. ನ್ಯೂಟನ್, ಡಾರ್ವಿನ್ ಮೊದಲಾದವರ ಸಾಲಿನಲ್ಲಿ ನಿಲ್ಲತಕ್ಕ ಈ ಪುರುಷರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಬೇಕೆಂಬುದು ನಮ್ಮ ಬಹುದಿನಗಳ ಅಪೇಕ್ಷೆಯಾಗಿತ್ತು.

ಸಾಂತಿಯಾಗೊ ೧೮೫೨ನೇ ಇಸವಿ ಮೇ ೧ರಂದು ಉತ್ತರ ಸ್ಪೇನಿನ ಪೆತಿಲ್ಯಾ ದೆ ಅರಗೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಹುಸ್ತೊ ರಾಮೋನ್ ಬಡತನದಲ್ಲಿ ಬೆಳೆದು, ಕ್ಷೌರಿಕ ಶಸ್ತ್ರವೈದ್ಯನ ಕೈಕೆಳಗೆ ದುಡಿದು, ಸ್ವಂತ ಛಲದಿಂದ ವೈದ್ಯಪದವಿಯನ್ನು ಸಂಪಾದಿಸಿದವರು. ಇಂಥ ತಂದೆಗೆ ಮಗನು ವೈದ್ಯನಾಗಬೇಕೆಂಬ ಹಟ. ಮಗನಿಗಾದರೋ ಚಿತ್ರಕಾರನಾಗಬೇಕೆಂಬ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು ಯಾವುದೂ ಅವನ ಸೀಸದಕಡ್ಡಿಗೆ ಹೊರತಾಗಿರಲಿಲ್ಲ. ತಂದೆಯು ಬಣ್ಣಗಳನ್ನು ಕಸಿದುಕೊಂಡರು, ಹೊಡೆದರು, ಬೇರೆ ಬೇರೆ ಊರುಗಳ ಶಾಲೆಗೆ ಅಟ್ಟಿದರು. ಹುಡುಗನು ಇನ್ನಷ್ಟು ಉದ್ದಂಡನಾದನು. ಹನ್ನೊಂದು ವರ್ಷದವನಿದ್ದಾಗ ಅಯೆರ್ಬೆ ಎಂಬ ಊರಿನಲ್ಲಿ ಮರದ ತೊಲೆಯನ್ನು ಕೊರೆದು ಫಿರಂಗಿಯೊಂದನ್ನು ಮಾಡಿ, ಅದರಿಂದ ಪಕ್ಕದ ತೋಟದ ಹೊಸ ಬಾಗಿಲನ್ನು ಒಡೆದುಹಾಕಿ, ಕೆಲವು ದಿನ ಊರಿನ ಸೆರೆಮನೆಯಲ್ಲಿ ಕುಳಿತದ್ದೂ ಉಂಟು. ಬುದ್ಧಿ ಬರಲೆಂದು ತಂದೆಯು ಅವನನ್ನು ಕ್ಷೌರದಂಗಡಿಯಲ್ಲಿಯೂ ಅನಂತರ ಜೋಡು ಹೊಲಿಯುವವನ ಬಳಿಯಲ್ಲಿಯೂ ಕೆಲಸಕ್ಕೆ ಇರಿಸಿದರು.

ಈ ತಂದೆ ಮಕ್ಕಳ ಹೋರಾಟವು ೧೮೬೮ರ ಬೇಸಗೆಯಲ್ಲಿ ವಿಚಿತ್ರವಾದ ರೀತಿಯಲ್ಲಿ ಬಗೆಹರಿಯಿತು. ಅಂಗರಚನಾಶಾಸ್ತ್ರವನ್ನು ಕಲಿಸಲು ಮೂಳೆಗಳು ಬೇಕೆಂದು ತಂದೆಯು ಹದಿನಾರು ವರ್ಷದ ಮಗನನ್ನು ರಾತ್ರಿಯ ಹೊತ್ತು ಹಾಳು ಸ್ಮಶಾನಕ್ಕೆ ಕರೆದೊಯ್ದರು. ತಂದ ಮೂಳೆಗಳನ್ನು ಮಗನು ಒಂದೊಂದಾಗಿ ನೋಡಿ ಬರೆಯತೊಡಗಿದನು. ಬರೆಯುತ್ತ ಬರೆಯುತ್ತ ಶರೀರದ ರಚನೆಯೇ ಅವನ ಮನಸ್ಸನ್ನು ಸೆಳೆದುಕೊಂಡಿತು. ಚಿತ್ರಕಲೆಯನ್ನು ಬಿಡಿಸಲೆಂದು ಹೊರಟ ತಂದೆಯು ಅದಕ್ಕೆ ಯೋಗ್ಯವಾದ ವಸ್ತುವನ್ನೇ ಮಗನ ಕೈಗೆ ಕೊಟ್ಟಂತಾಯಿತು. ಮುಂದಿನ ಅರುವತ್ತು ವರ್ಷಗಳಲ್ಲಿ ಆ ಕೈಯಿಂದ ಸಾವಿರಾರು ಚಿತ್ರಗಳು ಮೂಡಿದವು, ಮತ್ತು ಅವುಗಳಲ್ಲಿ ಬಹುಪಾಲು ನರಕೋಶಗಳ ಚಿತ್ರಗಳು.

ಸರಗೋಸ ನಗರದಲ್ಲಿ ೧೮೭೩ರಲ್ಲಿ ವೈದ್ಯಪದವಿ, ಕೂಡಲೇ ಸೈನ್ಯದ ಸೇವೆ, ೧೮೭೪ರಲ್ಲಿ ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾ ದ್ವೀಪಕ್ಕೆ ಪ್ರಯಾಣ. ಅಲ್ಲಿಯ ಜೌಗುನೆಲದ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತಾವೂ ಮಲೇರಿಯಾದಿಂದ ನರಳಿ, ಸೈನಿಕರ ಪಾಲಿನ ಆಹಾರವನ್ನು ಕದಿಯುತ್ತಿದ್ದ ಅಧಿಕಾರಿಗಳೊಡನೆ ಜಗಳವಾಡಿ, ೧೮೭೫ರಲ್ಲಿ ಅಸ್ಥಿಪಂಜರದಂತಾಗಿ ಹಿಂತಿರುಗಿದರು. ಆ ಸೇವೆಯ ಸಂಬಳದಲ್ಲಿ ಉಳಿದುದರಿಂದ ಅವರು ಕೊಂಡದ್ದು ಒಂದು ಸೂಕ್ಷ್ಮದರ್ಶಕ ಯಂತ್ರವನ್ನು. ಅನಂತರ ಕ್ಷಯರೋಗವೂ ತಗಲಿತು, ಅದರಿಂದಲೂ ಪಾರಾದರು. ೧೮೭೯ರಲ್ಲಿ ಸಿಲ್ವೇರಿಯಾ ಎಂಬ ಕನ್ಯೆಯನ್ನು ವರಿಸಿದರು. ಈ ಸಾಧ್ವಿಯು ಮಕ್ಕಳಿಂದ ತುಂಬಿದ ಸಂಸಾರವನ್ನು ಉಪಾಧ್ಯಾಯನ ಅಲ್ಪ ವೇತನದಲ್ಲಿ ತೂಗಿಸಿ, ಗಂಡನ ಗಾಜಿನ ಪಟ್ಟಿಗಳಿಗೂ ರಾಸಾಯನಿಕ ದ್ರವ್ಯಗಳಿಗೂ ಹಣವನ್ನು ಉಳಿಸಿಕೊಡುತ್ತಿದ್ದಳು. ದೊಡ್ಡವರ ಚರಿತ್ರೆಗಳಲ್ಲಿ ಇಂಥವರಿಗೆ ಒಂದು ಸಾಲಿಗಿಂತ ಹೆಚ್ಚು ಸ್ಥಳ ದೊರೆಯುವುದಿಲ್ಲ. ನಾವೂ ಅದಕ್ಕಿಂತ ಹೆಚ್ಚಾಗಿ ಕೊಟ್ಟಿಲ್ಲವೆಂಬುದು ನಮಗೆ ತಿಳಿದಿದೆ.

ವಾಲೆನ್ಸಿಯಾ ನಗರದಲ್ಲಿ ಕಹಾಲರು ಅಂಗರಚನೆಯ ಪ್ರಾಧ್ಯಾಪಕರಾಗಿದ್ದಾಗ ೧೮೮೫ರಲ್ಲಿ ಕಾಲರಾ ಮಾರಿಯು ಹರಡಿತು. ಆ ರೋಗದ ಕುರಿತು ಅವರು ನಡೆಸಿದ ಪರಿಶೋಧನೆಗೆ ಮೆಚ್ಚಿ ಸರಗೋಸ ಪ್ರಾಂತದ ಆಡಳಿತದವರು ಜರ್ಮನಿಯ ಜೈಸ್ ಕಂಪನಿಯ ಉತ್ತಮ ಸೂಕ್ಷ್ಮದರ್ಶಕವೊಂದನ್ನು ಬಹುಮಾನವಾಗಿ ಕೊಟ್ಟರು. ಒಳ್ಳೆಯ ಯಂತ್ರವು ಕೈಗೆ ಬಂದಿತ್ತು. ಆದರೆ ಅದರ ಕೆಳಗೆ ಏನನ್ನು ಇಡಬೇಕು, ಹೇಗೆ ಇಡಬೇಕು ಎಂಬುದು ಇನ್ನೂ ತಿಳಿದಿರಲಿಲ್ಲ.

ಇಲ್ಲಿ ಆ ಕಾಲದ ಒಂದು ವಾದವನ್ನು ವಾಚಕರಿಗೆ ತಿಳಿಸುವುದು ಅವಶ್ಯ. ಸಕಲ ಜೀವಿಗಳೂ ಜೀವಕೋಶಗಳಿಂದ ಆದವು ಎಂಬುದು ಅಷ್ಟರಲ್ಲಿ ಸಿದ್ಧಾಂತವಾಗಿದ್ದರೂ, ಮಿದುಳು ಮತ್ತು ಬೆನ್ನುಹುರಿಗಳಿಗೆ ಈ ನಿಯಮವು ಅನ್ವಯಿಸದೆಂದು ಬಹುಮಂದಿ ಪಂಡಿತರು ನಂಬಿದ್ದರು. ಅಲ್ಲಿ ತಂತುಗಳೆಲ್ಲ ಒಂದರೊಳಗೊಂದು ಕೂಡಿಕೊಂಡು, ಕೊನೆಮೊದಲಿಲ್ಲದ ಒಂದೇ ಬಲೆಯಾಗಿವೆ ಎಂಬುದು ಅವರ ಮತ. ಆ ಬಲೆಯನ್ನು ಬಿಡಿಸಿ ನೋಡುವ ಉಪಾಯವೇ ಇರಲಿಲ್ಲ. ನರಾಂಗಾಂಶಕ್ಕೆ ಸಾಮಾನ್ಯ ಬಣ್ಣವನ್ನು ಹಾಕಿದರೆ ಎಲ್ಲವೂ ಒಂದೇ ಸಮನೆ ಬಣ್ಣಗೊಂಡು ಕಾಡಿನೊಳಗೆ ಮರವೇ ಕಾಣದಂತಾಗುತ್ತಿತ್ತು. ಇಟಲಿಯ ಕಾಮಿಲ್ಲೊ ಗೋಲ್ಜಿ ಎಂಬ ವೈದ್ಯರು ಆಸ್ಪತ್ರೆಯ ಅಡಿಗೆಮನೆಯೊಂದನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ೧೮೭೩ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಅಂಗಾಂಶವನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಯಿಸಿ ಆಮೇಲೆ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿದರೆ, ನೂರಾರು ಕೋಶಗಳಲ್ಲಿ ಎಲ್ಲಿಯೋ ಒಂದೆರಡು ಮಾತ್ರ ಹಳದಿ ಬಯಲಿನ ಮೇಲೆ ಕಪ್ಪು ಮಸಿಯ ಚಿತ್ರದಂತೆ ಬುಡದಿಂದ ತುದಿಯವರೆಗೆ ಎದ್ದು ಕಾಣುತ್ತವೆ. ಈ ವಿಧಾನವನ್ನು ಕಂಡುಹಿಡಿದ ಗೋಲ್ಜಿಯವರೇ ಬಲೆಯ ಮತವನ್ನು ಕೊನೆಯವರೆಗೂ ಬಿಡಲಿಲ್ಲವೆಂಬುದು ವಿಜ್ಞಾನದ ಇತಿಹಾಸದಲ್ಲಿಯ ಸೋಜಿಗಗಳಲ್ಲೊಂದು.

ಕಹಾಲರು ಇಂಥ ಒಂದು ಗಾಜಿನ ಪಟ್ಟಿಯನ್ನು ಮೊದಲು ನೋಡಿದ್ದು ೧೮೮೭ರಲ್ಲಿ, ಮ್ಯಾಡ್ರಿಡ್ ನಗರದ ವೈದ್ಯರಾದ ಲೂಯಿಸ್ ಸಿಮಾರೊ ಎಂಬವರ ಮನೆಯಲ್ಲಿ. ಗೋಲ್ಜಿಯವರ ವಿಧಾನವು ಹದಿನಾಲ್ಕು ವರ್ಷಗಳ ಕಾಲ ಬಹುತೇಕ ಮೂಲೆಯಲ್ಲಿ ಬಿದ್ದಿತ್ತು. ಅದು ಒಮ್ಮೆ ಫಲಿಸಿದರೆ ಹತ್ತು ಸಲ ಫಲಿಸದು ಎಂದು ಜನರು ಬೇಸತ್ತಿದ್ದರು. ಅದೇ ವರ್ಷ ಬಾರ್ಸಿಲೋನಾ ವಿಶ್ವವಿದ್ಯಾನಿಲಯಕ್ಕೆ ಬಂದ ಕಹಾಲರು ಎರಡು ತಿದ್ದುಪಡಿಗಳನ್ನು ಮಾಡಿದರು. ಒಂದು, ಬೆಳ್ಳಿಯ ಸಂಸ್ಕಾರವನ್ನು ಎರಡು ಸಲ ಕೊಡುವುದು. ಎರಡನೆಯದು ಕೇವಲ ಕೈಚಳಕವಲ್ಲ, ಅದು ವಿಚಾರ. ಬೆಳೆದ ಪ್ರಾಣಿಯ ನರತಂತುಗಳ ಮೇಲೆ ಕೊಬ್ಬಿನ ಹೊದಿಕೆಯೊಂದು ಇರುವುದರಿಂದ ಬೆಳ್ಳಿಯು ಒಳಗೆ ಇಳಿಯದು. ಇನ್ನೂ ಹೊದಿಕೆ ಕಟ್ಟದಿರುವ ಎಳೆಯ ಮರಿಗಳನ್ನೂ ಮೊಟ್ಟೆಯೊಳಗಿನ ಭ್ರೂಣಗಳನ್ನೂ ತೆಗೆದುಕೊಂಡರೆ ಚಿತ್ರವು ಸ್ಪಷ್ಟವಾಗುವುದು. ಅದಕ್ಕಿಂತಲೂ ಹೆಚ್ಚಾಗಿ, ಪೂರ್ಣಗೊಂಡ ಗೊಂದಲವನ್ನು ಬಿಡಿಸುವುದಕ್ಕಿಂತ ಅದು ಮೊದಲ ಎಳೆಯಿಂದ ಹೆಣೆಯಲ್ಪಡುವುದನ್ನು ನೋಡುವುದೇ ಸುಲಭವೆಂದು ಅವರು ಕಂಡುಕೊಂಡರು. ಮುಂಬಯಿಯಂಥ ಪಟ್ಟಣದ ಯಾವುದಾದರೂ ಹಳೆಯ ಚಾಳಿನ ವಿದ್ಯುತ್ತಿನ ತಂತಿಗಳನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೮೮೮ನೇ ಇಸವಿಯಿಂದ ಕೆಲಸವು ಪ್ರವಾಹದಂತೆ ಸಾಗಿತು. ಹಕ್ಕಿಗಳ ಕಿರುಮಿದುಳಿನಲ್ಲಿ ನೋಡಿದರು, ಕಣ್ಣಿನ ಅಕ್ಷಿಪಟಲದಲ್ಲಿ ನೋಡಿದರು, ಬೆನ್ನುಹುರಿಯಲ್ಲಿ ನೋಡಿದರು. ಎಲ್ಲಿಯೂ ಬಲೆಯಿಲ್ಲ. ಪ್ರತಿಯೊಂದು ನರಕೋಶವೂ ಒಂದು ಬಿಡಿ ಜೀವಿ. ಅದರ ತಂತುವು ಮತ್ತೊಂದರ ಹತ್ತಿರ ಹೋಗಿ ತಗಲುವಂತೆ ನಿಲ್ಲುತ್ತದೆಯೇ ಹೊರತು ಅದರೊಳಗೆ ಕರಗಿಹೋಗುವುದಿಲ್ಲ. ಈ ಸಂಗತಿಗಳನ್ನು ಪ್ರಕಟಿಸಲು ಯೋಗ್ಯವಾದ ಪತ್ರಿಕೆಯು ಸ್ಪೇನಿನಲ್ಲಿ ಇಲ್ಲವಾದುದರಿಂದ ಅವರು ತಾವೇ ಒಂದು ತ್ರೈಮಾಸಿಕವನ್ನು ಹೊರಡಿಸಿದರು. ಲೇಖಕರೂ ಅವರೇ, ಚಿತ್ರಕಾರರೂ ಅವರೇ, ಹಣ ತೆತ್ತವರೂ ಅವರೇ. ಪ್ರತಿಗಳು ೬೦. ಪತ್ರಿಕೆಯನ್ನು ನಡೆಸುವ ಕಷ್ಟವನ್ನು ಬಲ್ಲ ನಾವು ಈ ಅಂಕಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆವು. ಆ ೬೦ ಪ್ರತಿಗಳಲ್ಲಿ ಬಹುಪಾಲನ್ನು ಹೊರದೇಶಗಳ ವಿದ್ವಾಂಸರಿಗೆ ಉಚಿತವಾಗಿ ಕಳುಹಿಸಿದರು. ಉತ್ತರವಿಲ್ಲ. ಜರ್ಮನಿ, ಫ್ರಾನ್ಸ್, ಇಂಗ್ಲೆಂಡುಗಳ ಪಂಡಿತರಿಗೆ ಸ್ಪ್ಯಾನಿಷ್ ಭಾಷೆ ಬಾರದು, ಆ ಭಾಷೆಯಲ್ಲಿ ವಿಜ್ಞಾನವಿದ್ದೀತೆಂಬ ನಂಬಿಕೆಯೂ ಅವರಿಗಿರಲಿಲ್ಲ. ಕಹಾಲರು ತಮ್ಮ ಲೇಖನಗಳನ್ನು ಫ್ರೆಂಚಿಗೆ ತಿರುಗಿಸಿ ಕಳುಹಿಸತೊಡಗಿದರು. ಆದರೂ ತಮ್ಮ ನುಡಿಯಲ್ಲಿ ಬರೆಯುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ೧೮೮೯ರ ಅಕ್ಟೋಬರ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ಅಂಗರಚನಾಶಾಸ್ತ್ರ ಸಂಘದ ಸಭೆ ಸೇರುವುದೆಂದು ತಿಳಿದು, ಉಳಿತಾಯದ ಹಣವನ್ನೆಲ್ಲ ಕೂಡಿಸಿ, ಸೂಕ್ಷ್ಮದರ್ಶಕವನ್ನೂ ಗಾಜಿನ ಪಟ್ಟಿಗಳನ್ನೂ ಹೊತ್ತುಕೊಂಡು ಹೊರಟರು. ಸಭೆಯಲ್ಲಿ ಅವರ ಮೇಜಿನ ಬಳಿ ಸುಳಿದವರು ಮೊದಮೊದಲು ಕೆಲವರೇ. ಹರಕುಮುರುಕು ಫ್ರೆಂಚಿನಲ್ಲಿ ಮಾತನಾಡುತ್ತ, ಬಂದವರನ್ನು ಕೈಹಿಡಿದು ಕರೆದು ತೋರಿಸಬೇಕಾಯಿತು. ವುರ್ಟ್ಸ್‌ಬರ್ಗಿನ ಆಲ್ಬರ್ಟ್ ಕೋಲಿಕರ್ ಎಂಬವರು ಆಗ ೭೨ ವರ್ಷದ ವೃದ್ಧರು, ಯೂರೋಪಿನಲ್ಲಿ ಈ ಶಾಸ್ತ್ರದ ಪಿತಾಮಹರೆನಿಸಿದವರು. ಅವರು ಮಸೂರದೊಳಗೆ ಇಣಿಕಿ ನೋಡಿದರು, ಮತ್ತೆ ನೋಡಿದರು, ಅನಂತರ ಈ ಅಪರಿಚಿತ ಸ್ಪೇನಿಗನನ್ನು ತಮ್ಮ ಗಾಡಿಯಲ್ಲಿ ಕೂಡಿಸಿಕೊಂಡು ತಾವು ಇಳಿದಿದ್ದ ಹೋಟೆಲಿಗೆ ಕರೆದೊಯ್ದು ಔತಣವಿಕ್ಕಿ, ಅಲ್ಲಿಯ ಮಹಾಮಹೋಪಾಧ್ಯಾಯರಿಗೆಲ್ಲ ಪರಿಚಯ ಮಾಡಿಕೊಟ್ಟರು. ತಾವು ಅದುವರೆಗೆ ಹಿಡಿದಿದ್ದ ಬಲೆಯ ಮತವನ್ನು ಆ ವಯಸ್ಸಿನಲ್ಲಿ ಬಹಿರಂಗವಾಗಿ ತ್ಯಜಿಸಿದರು. ಕೋಲಿಕರರ ಈ ದೊಡ್ಡತನವಿಲ್ಲದಿದ್ದರೆ ಕಹಾಲರ ಕೆಲಸವು ಇನ್ನೆಷ್ಟು ವರ್ಷ ಕತ್ತಲೆಯಲ್ಲಿ ಉಳಿಯುತ್ತಿತ್ತೋ ಹೇಳಬರುವುದಿಲ್ಲ. ಎರಡು ವರ್ಷಗಳ ತರುವಾಯ ೧೮೯೧ರಲ್ಲಿ ಜರ್ಮನಿಯ ವಾಲ್ಡಯರ್ ಎಂಬ ಪಂಡಿತರು ಈ ಬಿಡಿ ಕೋಶಕ್ಕೆ ನ್ಯೂರಾನ್ ಎಂಬ ಹೆಸರನ್ನಿಟ್ಟರು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ೧೮೯೦ರಲ್ಲಿ ಕಹಾಲರು ಕೋಳಿಭ್ರೂಣದ ಬೆನ್ನುಹುರಿಯ ತೆಳುಪದರಗಳನ್ನು ನೋಡುತ್ತಿದ್ದರು. ಶಾಕಾಹಾರದ ಹೋಟೆಲನ್ನು ನಡೆಸಿ ಬಂದ ನಮಗೆ ಮೊಟ್ಟೆಯ ಸಂಗತಿಯು ಪುಸ್ತಕದಿಂದ ತಿಳಿದಷ್ಟೇ; ಆದರೂ ಕಾವಿಗಿಟ್ಟ ೨೧ ದಿನಗಳಿಗೆ ಮರಿಯಾಗುವುದೆಂಬುದು ಎಲ್ಲರೂ ಬಲ್ಲ ವಿಷಯ. ಆ ೨೧ರಲ್ಲಿ ಮೂರು ನಾಲ್ಕನೆಯ ದಿನಗಳ ಹೊತ್ತಿಗೆ ಬೆನ್ನುಹುರಿಯು ಒಂದು ಸಣ್ಣ ಕೊಳವೆ ಮಾತ್ರ. ಭ್ರೂಣದ ಬೆನ್ನಿನ ಮೇಲಣ ಹಾಳೆಯಂಥ ಪದರವು ಮಡಿಸಿಕೊಂಡು, ಅಂಚುಗಳು ಕೂಡಿ, ಈ ಕೊಳವೆಯಾಗುತ್ತದೆ. ಮನುಷ್ಯನಲ್ಲಿಯೂ ಹೀಗೆಯೇ, ಗರ್ಭಾಂಕುರವಾದ ಸುಮಾರು ೨೮ ದಿನಗಳೊಳಗೆ, ಎಷ್ಟೋ ಸಲ ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವ ಮೊದಲೇ, ಕೊಳವೆಯು ಮುಚ್ಚಿಕೊಳ್ಳುತ್ತದೆ. ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲಿನಿಂದಲೇ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಈ ಕೊಳವೆಯು ಮುಚ್ಚದೆ ಉಳಿಯುವ ಅಪಾಯವನ್ನು ತಗ್ಗಿಸಲೆಂದೇ.

ಕೊಳವೆಯ ಒಳಗೋಡೆಯಲ್ಲಿ ಜೀವಕೋಶಗಳು ಒಡೆದು ಒಡೆದು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಒಡೆಯುವುದನ್ನು ನಿಲ್ಲಿಸಿ ಹೊರಗೋಡೆಯತ್ತ ಸರಿದು ನರಕೋಶಗಳಾಗುತ್ತವೆ. ಮೇಲ್ಭಾಗದಲ್ಲಿ ಹುಟ್ಟಿದ ಒಂದು ಬಗೆಯ ಕೋಶಗಳು ತಮ್ಮ ತಂತುವನ್ನು ಕೊಳವೆಯ ಅಂಚಿನ ಉದ್ದಕ್ಕೂ ಕೆಳಗಿಳಿಸಿ, ತಳದ ನಡುಗೆರೆಯನ್ನು ದಾಟಿಸಿ, ಆಚೆಯ ಮಗ್ಗುಲಿಗೆ ಕಳುಹಿಸುವುದನ್ನು ಕಹಾಲರು ಕಂಡರು. ಬೆಳ್ಳಿಯ ಸಂಸ್ಕಾರವು ಭ್ರೂಣವನ್ನು ಆ ಕ್ಷಣದಲ್ಲಿ ನಿಲ್ಲಿಸಿದ್ದುದರಿಂದ ಒಂದು ಪಟ್ಟಿಯಲ್ಲಿ ಅರ್ಧ ಹಾದಿ ನಡೆದ ತಂತು, ಇನ್ನೊಂದರಲ್ಲಿ ಮುಕ್ಕಾಲು ಹಾದಿ ನಡೆದ ತಂತು, ಹೀಗೆ ಕಾಣುತ್ತಿದ್ದವು. ಅಂಥ ಪ್ರತಿ ತಂತುವಿನ ತುದಿಯಲ್ಲಿಯೂ ಶಂಕುವಿನಾಕಾರದ ಒಂದು ಉಬ್ಬು, ಅದರಿಂದ ಹೊರಚಾಚಿದ ಸಣ್ಣ ಸಣ್ಣ ಮುಳ್ಳುಗಳು. ಇದಕ್ಕೆ ಅವರು ಬೆಳವಣಿಗೆಯ ಶಂಕುವೆಂದು ಹೆಸರಿಟ್ಟರು. ಸತ್ತ ಅಂಗಾಂಶದ ಮಸಿಯ ಗೆರೆಗಳನ್ನು ನೋಡಿದ ಆ ಮನುಷ್ಯರು ಅವು ಬದುಕಿದ್ದಾಗ ಹೇಗಿದ್ದವೆಂಬುದನ್ನು ಊಹಿಸಿದರು. ಈ ಶಂಕುವು ಮೆತ್ತಗಿದ್ದು ಚಲಿಸಬಲ್ಲುದು, ಅಡ್ಡ ಬಂದುದನ್ನು ನೂಕಿಕೊಂಡು, ದಾರಿಯನ್ನು ತಡವುತ್ತ ಮುಂದೆ ಸಾಗುವುದು ಎಂದರು. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಎಂಬವರು ಕಪ್ಪೆಭ್ರೂಣದ ನರಕೊಳವೆಯ ಚೂರನ್ನು ಜೀವರಸದ ಹನಿಯಲ್ಲಿ ಬದುಕಿಸಿಟ್ಟು ನೋಡಿದಾಗ, ತಂತುವಿನ ತುದಿಯು ನಿಜವಾಗಿಯೂ ಹಾಗೆಯೇ ತೆವಳುತ್ತಿತ್ತು.

ತಂತುವಿಗೆ ದಾರಿಯನ್ನು ತೋರುವವರಾರು? ೧೮೯೨ರಲ್ಲಿ ಕಹಾಲರು ಇದಕ್ಕೂ ಒಂದು ಊಹೆಯನ್ನು ಮುಂದಿಟ್ಟರು. ಗುರಿಯಾದ ಕೋಶಗಳು ಯಾವುದೋ ರಾಸಾಯನಿಕ ದ್ರವ್ಯವನ್ನು ಸ್ರವಿಸುತ್ತವೆ. ಅದರ ಸೆಳೆತವನ್ನು ಹಿಡಿದು ಶಂಕುವು ಸಾಗುತ್ತದೆ, ಹೂವಿನ ಪರಿಮಳವನ್ನು ಹಿಡಿದು ದುಂಬಿಯು ಬರುವ ಹಾಗೆ. ಇದಕ್ಕೆ ಅವರ ಬಳಿ ಪುರಾವೆ ಇರಲಿಲ್ಲ. ಅದಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆಯೂ ಉಳಿಯಿತು: ಒಂದೇ ಕೊಳವೆಯ ಗೋಡೆಯಲ್ಲಿ, ಒಂದೇ ರೂಪದಲ್ಲಿ ಹುಟ್ಟಿದ ಕೋಶಗಳಲ್ಲಿ ಮೇಲಿನದು ಸ್ಪರ್ಶದ ಸುದ್ದಿಯನ್ನು ಸಾಗಿಸುವ ನರವಾಗಿ, ಕೆಳಗಿನದು ಸ್ನಾಯುವನ್ನು ಆಡಿಸುವ ನರವಾಗಿ ಏಕೆ ಬೇರ್ಪಡಬೇಕು? ಜೀನ್ ಎಂಬ ಶಬ್ದವೇ ಹುಟ್ಟಿದ್ದು ೧೯೦೯ರಲ್ಲಿ. ಕಹಾಲರ ಕಾಲದ ಯಾವ ಮಸೂರಕ್ಕೂ ಉತ್ತರವು ಎಟಕುವಂತಿರಲಿಲ್ಲ.

ಉತ್ತರವು ದೊರೆತದ್ದು ನೂರು ವರ್ಷಗಳ ಮೇಲೆ, ಮತ್ತು ಬಹುಮಟ್ಟಿಗೆ ಅದೇ ಕೋಳಿಭ್ರೂಣದಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಜೆಸೆಲ್ ಮತ್ತು ಅವರ ಸಂಗಡಿಗರೂ ಇತರ ಕೆಲವರೂ ೧೯೯೦ರ ದಶಕದಲ್ಲಿ ಇದನ್ನು ಬಿಡಿಸಿದರು. ಶರೀರದ ಪ್ರತಿ ಕೋಶದಲ್ಲಿಯೂ ಇರುವ ಜೀನುಗಳು ಒಂದೇ; ಯಾವ ಕೋಶವು ಯಾವ ಜೀನುಗಳನ್ನು ಓದುತ್ತದೆಂಬುದೇ ಭೇದ. ಎಲ್ಲ ಅಡಿಗೆಯವರ ಕೈಯಲ್ಲಿಯೂ ಒಂದೇ ಪಾಕಪುಸ್ತಕವಿದ್ದು, ಒಬ್ಬನು ಸಾರಿನ ಪುಟವನ್ನೂ ಮತ್ತೊಬ್ಬನು ಹೋಳಿಗೆಯ ಪುಟವನ್ನೂ ತೆರೆದಂತೆ. ಯಾವ ಪುಟವೆಂಬುದನ್ನು ನಿರ್ಧರಿಸುವುದು ಕೋಶವು ನಿಂತ ಸ್ಥಳ. ಕೊಳವೆಯ ತಳದಲ್ಲಿಯೂ ಅದರ ಕೆಳಗಣ ದಂಡದಲ್ಲಿಯೂ ಇರುವ ಕೋಶಗಳು ಸೋನಿಕ್ ಹೆಜ್‌ಹಾಗ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ೧೯೯೩ರಲ್ಲಿ ಪ್ರಕಟವಾದ ಈ ಜೀನಿಗೆ ಮಕ್ಕಳ ವಿಡಿಯೋ ಆಟದ ಒಂದು ಪ್ರಾಣಿಯ ಹೆಸರನ್ನು ಇಟ್ಟರು. ಇಷ್ಟು ಗಂಭೀರವಾದ ಕೆಲಸಕ್ಕೆ ಇದಕ್ಕಿಂತ ಯೋಗ್ಯವಾದ ನಾಮಕರಣವು ಆಗಬಹುದಿತ್ತೆಂದು ನಮ್ಮ ಅಭಿಪ್ರಾಯ. ಒಲೆಯ ಹತ್ತಿರ ಬಿಸಿ ಹೆಚ್ಚಾಗಿ, ದೂರ ಸರಿದಂತೆ ಕಡಿಮೆಯಾಗುವ ಹಾಗೆ ಈ ಪ್ರೋಟೀನಿನ ಸಾಂದ್ರತೆಯು ತಳದಿಂದ ಮೇಲಕ್ಕೆ ಇಳಿಯುತ್ತ ಹೋಗುತ್ತದೆ. ಅದು ಎಷ್ಟು ತಗಲಿತು, ಎಷ್ಟು ಹೊತ್ತು ತಗಲಿತು ಎಂಬುದಕ್ಕೆ ತಕ್ಕಂತೆ ಕೋಶದೊಳಗೆ ಬೇರೆ ಬೇರೆ ಆಜ್ಞಾಪಕ ಜೀನುಗಳು ಎಚ್ಚರಗೊಳ್ಳುತ್ತವೆ. ತೀರ ತಳದ ಸಮೀಪದಲ್ಲಿ ಎನ್‌ಕೆಎಕ್ಸ್ ೨.೨, ಅದರ ಮೇಲಣ ಪಟ್ಟೆಯಲ್ಲಿ ಓಲಿಗ್ ೨, ಇನ್ನೂ ಮೇಲೆ ಬೇರೆಯವು. ಈ ಜೀನುಗಳು ನೆರೆಯ ಪಟ್ಟೆಯ ಜೀನುಗಳನ್ನು ಪರಸ್ಪರ ಅದುಮಿಡುವುದರಿಂದ ಪಟ್ಟೆಗಳ ಗಡಿಯು ಕಲಸಿಹೋಗದೆ ನೇರವಾಗಿ ನಿಲ್ಲುತ್ತದೆ. ಓಲಿಗ್ ೨ರ ಪಟ್ಟೆಯಿಂದ ಹುಟ್ಟುವವೇ ಸ್ನಾಯುಗಳನ್ನು ಆಡಿಸುವ ನರಕೋಶಗಳು. ಕೊಳವೆಯ ಮೇಲ್ಛಾವಣಿಯಿಂದ ಬೇರೆ ಪ್ರೋಟೀನುಗಳು ಕೆಳಮುಖವಾಗಿ ಹರಡಿ ಅಲ್ಲಿಯ ಕೋಶಗಳಿಗೆ ಬೇರೆ ಅಪ್ಪಣೆಯನ್ನು ಕೊಡುತ್ತವೆ. ಕಹಾಲರು ಕಂಡ, ನಡುಗೆರೆಯನ್ನು ದಾಟುವ ನರಕೋಶಗಳಲ್ಲಿ ಕೆಲವು ಅಲ್ಲಿ ಏಟೋಹ್ ೧ ಎಂಬ ಜೀನಿನ ಆಜ್ಞೆಯಿಂದ ಹುಟ್ಟಿದವು.

ಸ್ಥಳದಂತೆ ಕಾಲಕ್ಕೂ ನಿಯಮವಿದೆ. ನರಕೋಶವಾಗಲು ಮುಂದಡಿಯಿಟ್ಟ ಕೋಶವು ತನ್ನ ಮೈಮೇಲೆ ಡೆಲ್ಟಾ ಎಂಬ ಪ್ರೋಟೀನನ್ನು ಹೊರಗೆಡಹುತ್ತದೆ. ಅದು ಪಕ್ಕದ ಕೋಶದ ನಾಚ್ ಎಂಬ ಪ್ರೋಟೀನಿಗೆ ತಗಲಿ, ನರವನ್ನಾಗಿಸುವ ಜೀನುಗಳನ್ನು ಅಲ್ಲಿ ಅಡಗಿಸುತ್ತದೆ. ಹೀಗೆ ನೆರೆಯ ಕೋಶವು ಇನ್ನೂ ಒಡೆಯುತ್ತ ಮುಂದಿನ ಸರದಿಗೆ ಉಳಿಯುತ್ತದೆ. ಈ ತಡೆಯನ್ನು ತೆಗೆದುಬಿಟ್ಟರೆ ಕೋಶಗಳೆಲ್ಲ ಅಕಾಲದಲ್ಲಿ ಒಮ್ಮೆಗೇ ನರಗಳಾಗಿ ದಾಸ್ತಾನು ಬರಿದಾಗುವುದು. ಮುಂಜಾನೆಯೇ ಹಿಟ್ಟನ್ನೆಲ್ಲ ದೋಸೆ ಹೊಯ್ದುಬಿಟ್ಟರೆ ಸಂಜೆಯ ಗಿರಾಕಿಗೆ ಉಳಿಯುವುದೇನು? ಬೆನ್ನುಹುರಿಯಲ್ಲಿಯೂ ಸಂಜೆಯ ಕೆಲಸವೊಂದು ಇದೆ: ಓಲಿಗ್ ೨ರ ಪಟ್ಟೆಯ ಉಳಿದ ಕೋಶಗಳೇ ಮುಂದೆ ನರತಂತುಗಳಿಗೆ ಕೊಬ್ಬಿನ ಹೊದಿಕೆಯನ್ನು ಸುತ್ತುವ ಕೋಶಗಳನ್ನು ಹಡೆಯುತ್ತವೆ. ಕಹಾಲರ ಬೆಳ್ಳಿಗೆ ಅಡ್ಡಬಂದ ಹೊದಿಕೆಯು ಇದೇ.

ದಾರಿ ತೋರುವ ದ್ರವ್ಯವೂ ೧೯೯೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಕ್ಕಿತು. ಕೋಳಿಭ್ರೂಣಗಳ ಸಾವಿರಾರು ಮಿದುಳುಗಳನ್ನು ಸಂಸ್ಕರಿಸಿ ಶುದ್ಧಗೊಳಿಸಿದ ಆ ಪ್ರೋಟೀನಿಗೆ ನೆಟ್ರಿನ್ ಎಂದು ಹೆಸರು. ದಾರಿ ತೋರುವವನೆಂಬ ಅರ್ಥದ ಸಂಸ್ಕೃತ ಶಬ್ದದಿಂದ, ಎಂದರೆ ನಮ್ಮ ನೇತಾರ ಎಂಬ ಪದದ ಮೂಲದಿಂದಲೇ, ಈ ಹೆಸರನ್ನು ಕಟ್ಟಿದರು. ನಡುಗೆರೆಯನ್ನು ದಾಟಿದ ಮೇಲೆ ತಂತುವು ಮತ್ತೆ ಹಿಂತಿರುಗದಂತೆ ದೂರ ನೂಕುವ ಸ್ಲಿಟ್ ಎಂಬ ಪ್ರೋಟೀನು ಬೇರೆ ಇದೆ. ನೆಟ್ರಿನ್ ದೂರದಿಂದ ಸೆಳೆಯುತ್ತದೆಂಬ ಮೊದಲಿನ ಎಣಿಕೆಯು ಪೂರ್ತಿ ನಿಲ್ಲಲಿಲ್ಲ. ೨೦೧೭ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು, ಅದು ಹೆಚ್ಚಾಗಿ ತಂತುವು ಸಾಗುವ ಹಾದಿಯ ಮೇಲೆಯೇ ಹಾಸಿಕೊಂಡು ಹೆಜ್ಜೆಹೆಜ್ಜೆಗೆ ಆಧಾರವಾಗುವುದೆಂದು ತೋರಿಸಿದವು. ದುಂಬಿ ಪರಿಮಳಗಳ ಹೋಲಿಕೆಗಿಂತ ಹಳಿಯ ಹೋಲಿಕೆಯು ಇಲ್ಲಿ ಹೆಚ್ಚು ಒಪ್ಪಬಹುದು. ಏನೇ ಇರಲಿ, ರಾಸಾಯನಿಕ ಮಾರ್ಗದರ್ಶಕವೊಂದು ಇದೆಯೆಂಬ ಕಹಾಲರ ಮಾತು ನಿಜವಾಯಿತು.

ಅವರ ಜೀವನದ ಉಳಿದ ಭಾಗವು ಬಹುಮಟ್ಟಿಗೆ ಗೌರವಗಳ ಪಟ್ಟಿ. ೧೮೯೨ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾನಿಲಯದ ಪೀಠ, ೧೮೯೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ, ೧೯೦೦ರಲ್ಲಿ ಮಾಸ್ಕೋ ಪಾರಿತೋಷಕ, ೧೯೦೬ರಲ್ಲಿ ನೊಬೆಲ್. ಈ ಕೊನೆಯ ಪಾರಿತೋಷಕವನ್ನು ಗೋಲ್ಜಿಯವರೊಡನೆ ಹಂಚಿಕೊಟ್ಟರು. ಸ್ಟಾಕ್‌ಹೋಮಿನಲ್ಲಿ ಗೋಲ್ಜಿಯವರು ತಮ್ಮ ಭಾಷಣದಲ್ಲಿ ನ್ಯೂರಾನ್ ಮತವನ್ನೇ ಖಂಡಿಸಿದರು. ಮರುದಿನ ಕಹಾಲರು ಅದೇ ಮತವನ್ನು ಗೋಲ್ಜಿಯವರ ವಿಧಾನದಿಂದಲೇ ಸಿದ್ಧಪಡಿಸಿ ತೋರಿಸಿದರು. ಈ ಇಬ್ಬರಲ್ಲಿ ಯಾರು ಸರಿಯೆಂಬುದನ್ನು ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಎರಡು ನರಕೋಶಗಳ ನಡುವಣ ಅತಿಸೂಕ್ಷ್ಮ ಬಿರುಕನ್ನು ತೋರಿಸಿ ತೀರ್ಮಾನಿಸಿತು. ಮಂತ್ರಿಪದವಿಯು ಬಾಗಿಲಿಗೆ ಬಂದಾಗ ಕಹಾಲರು ಬೇಡವೆಂದರು. ಆದರೆ ತರುಣರನ್ನು ವ್ಯಾಸಂಗಕ್ಕಾಗಿ ಹೊರದೇಶಗಳಿಗೆ ಕಳುಹಿಸುವ ಮಂಡಲಿಯ ಅಧ್ಯಕ್ಷತೆಯನ್ನು ೧೯೦೭ರಿಂದ ಬಹುಕಾಲ ಹೊತ್ತರು. ೬೦ ಪ್ರತಿಗಳ ದಿನಗಳನ್ನು ಅವರು ಮರೆತಿರಲಿಲ್ಲವೆಂದು ತೋರುತ್ತದೆ.

೧೯೧೩ ಮತ್ತು ೧೯೧೪ರಲ್ಲಿ ಅವರ ಇನ್ನೊಂದು ಮಹಾಗ್ರಂಥವು ಎರಡು ಸಂಪುಟಗಳಲ್ಲಿ ಹೊರಬಂತು. ಅದರ ಖರ್ಚನ್ನು ಕೊಟ್ಟವರು ಆರ್ಜೆಂಟೈನಾ ದೇಶದಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ವೈದ್ಯರು. ಹೊಟ್ಟೆಪಾಡಿಗೆಂದು ಕಡಲಾಚೆ ಹೋದವರು ತಮ್ಮ ನುಡಿಯ ಒಂದು ಶಾಸ್ತ್ರಗ್ರಂಥಕ್ಕೆ ಹೀಗೆ ನೆರವಾದ ಸಂಗತಿಯನ್ನು ಹೊರನಾಡಿನ ನಮ್ಮ ವಾಚಕರು ಸಂತೋಷದಿಂದ ಓದುವರೆಂದು ನಂಬುತ್ತೇವೆ. ಗ್ರಂಥದ ವಿಷಯವಾದರೋ ಸಂತೋಷದ್ದಲ್ಲ. ಕತ್ತರಿಸಿದ ನರಗಳು ಮತ್ತೆ ಬೆಳೆಯುತ್ತವೆಯೇ ಎಂಬುದು ಅದರ ಪ್ರಶ್ನೆ. ಕೈಕಾಲುಗಳ ನರಗಳು ಬೆಳೆಯುತ್ತವೆ. ಮಿದುಳು ಬೆನ್ನುಹುರಿಗಳಲ್ಲಿ ತುಂಡಾದ ತಂತುವು ಸ್ವಲ್ಪ ಚಿಗುರಿ, ದಾರಿ ಕಾಣದೆ, ಬಾಡಿಹೋಗುತ್ತದೆ. ಭ್ರೂಣದಲ್ಲಿ ಅಷ್ಟು ಉತ್ಸಾಹದಿಂದ ಮುಂದೆ ಸಾಗಿದ ಶಂಕುವು ಬೆಳೆದ ಶರೀರದಲ್ಲಿ ನಿಂತುಹೋಗುತ್ತದೆ. ಈ ಕಠಿಣ ವಿಧಿಯನ್ನು ಬದಲಿಸುವುದು ಮುಂದಣ ವಿಜ್ಞಾನದ ಕೆಲಸವೆಂದು ಅವರು ಬರೆದಿಟ್ಟರು. ಅವರ ಶಿಷ್ಯರಾದ ತೆಯ್ಯೊ ಎಂಬವರು ೧೯೧೧ರಲ್ಲಿಯೇ ಮೊಲದ ಮಿದುಳಿನಲ್ಲಿ ಕಾಲಿನ ನರದ ಚೂರನ್ನು ನಾಟಿ, ಅದರೊಳಕ್ಕೆ ತಂತುಗಳು ಚಿಗುರಿ ಬಂದುದನ್ನು ಕಂಡಿದ್ದರು. ದೋಷವು ತಂತುವಿನಲ್ಲಿಲ್ಲ, ಅದರ ಸುತ್ತಣ ನೆಲದಲ್ಲಿದೆ ಎಂದು ಇದರ ಸೂಚನೆ. ಎಪ್ಪತ್ತು ವರ್ಷ ಮರೆವಿನಲ್ಲಿದ್ದ ಈ ಪ್ರಯೋಗವನ್ನು ೧೯೮೧ರಲ್ಲಿ ಕೆನಡಾದ ಮಾಂಟ್ರಿಯಲ್ಲಿನವರು ಹೊಸ ವಿಧಾನಗಳಿಂದ ನಡೆಸಿ, ಇಲಿಗಳ ಬೆನ್ನುಹುರಿಯಲ್ಲಿ ಅದು ಸತ್ಯವೆಂದು ತೋರಿಸಿದರು. ಬೆನ್ನುಹುರಿಯು ತುಂಡಾದ ಮನುಷ್ಯನಲ್ಲಿ ಅದನ್ನು ಮೊದಲಿನಂತೆ ಕೂಡಿಸುವ ಚಿಕಿತ್ಸೆಯು ಇಂದಿಗೂ ಇಲ್ಲ. ಭ್ರೂಣದಲ್ಲಿ ಕೆಲಸ ಮಾಡಿದ ಜೀನುಗಳನ್ನು ಮತ್ತೆ ಎಚ್ಚರಿಸುವ ಯತ್ನಗಳು ಪ್ರಯೋಗಶಾಲೆಗಳಲ್ಲಿ ನಡೆಯುತ್ತಲಿವೆ.

ಪತ್ನಿ ಸಿಲ್ವೇರಿಯಾ ೧೯೩೦ರಲ್ಲಿ ತೀರಿಕೊಂಡಳು. ಕಿವಿ ಮಂದವಾಗಿ, ನಿದ್ದೆ ಕೆಟ್ಟು, ಕಹಾಲರು ಮನೆಯಲ್ಲಿಯೇ ಕುಳಿತು ಬರೆಯುತ್ತಿದ್ದರು. ಬಲೆಯ ಮತವು ಕೆಲವರಲ್ಲಿ ಮತ್ತೆ ತಲೆಯೆತ್ತಿದುದನ್ನು ಕಂಡು ೧೯೩೩ರಲ್ಲಿ, ೮೧ರ ವಯಸ್ಸಿನಲ್ಲಿ, ಅದಕ್ಕೆ ವಿರುದ್ಧವಾದ ಪುರಾವೆಗಳನ್ನೆಲ್ಲ ಒಟ್ಟುಗೂಡಿಸಿ ಮತ್ತೊಮ್ಮೆ ಪ್ರಕಟಿಸಿದರು. ೧೯೩೪ರ ಅಕ್ಟೋಬರ್ ೧೭ರಂದು ಮ್ಯಾಡ್ರಿಡ್ಡಿನಲ್ಲಿ ಕಾಲವಾದರು. ಸಮಾಧಿಯು ಆಡಂಬರವಿಲ್ಲದೆ, ಪತ್ನಿಯ ಬಳಿಯಲ್ಲಿಯೇ ಆಯಿತು. ಎರಡು ವರ್ಷಗಳೊಳಗೆ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಅವರ ಶಿಷ್ಯವರ್ಗವು ಚದುರಿಹೋಯಿತು. ಕೆಲವರು ದೇಶವನ್ನು ಬಿಟ್ಟರು, ತೆಯ್ಯೊ ಮೊದಲಾದವರು ಕೆಲಸವನ್ನು ಕಳೆದುಕೊಂಡರು. ಚಿತ್ರಗಳೂ ಗಾಜಿನ ಪಟ್ಟಿಗಳ ಪೆಟ್ಟಿಗೆಗಳೂ ಉಳಿದುವು. ಅವುಗಳನ್ನು ಯುನೆಸ್ಕೋ ಸಂಸ್ಥೆಯು ೨೦೧೭ರಲ್ಲಿ ಜಗತ್ತಿನ ಸ್ಮೃತಿಯ ದಾಖಲೆಯಲ್ಲಿ ಸೇರಿಸಿತು.